ಶರಣಪ್ಪನ ಏರ್ ರೈಫಲ್

ಆಸ್ಪತ್ರೆಯ ಯಂತ್ರಗಳನ್ನೆಲ್ಲ ರಿಪೇರಿ ಮಾಡುವ ಎಂಜಿನಿಯರ್ ಶರಣಪ್ಪನಿಗೆ ಒಂದು ಹಳೇ ಏರ್ ರೈಫಲ್ ನೀರು ಕುಡಿಸುತ್ತಿತ್ತು. ಗುಂಡು ತುಂಬುವಾಗ ಹಿಂದೆಮುಂದೆ ಜಾರುವ ಬೋಲ್ಟ್ ಕೂರುವ ಬಾಡಿ ಬಿರುಕು ಬಿಟ್ಟಿದೆಯೆಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಶೂಟಿಂಗ್ ಕ್ಲಬ್ಬಿನ ಗೆಳೆಯನೊಬ್ಬ ಅದನ್ನು ಪುಕ್ಕಟೆ ಕೊಟ್ಟಿದ್ದ. ಹೊಸ ಬಾಡಿಯ ಬೆಲೆ ಕೇಳಿ ಮೈ ಉರಿದು, ಶರಣಪ್ಪ ರಿಪೇರಿಗೆ ಮನೆಯಲ್ಲೇ ಕೂತ.

ಬಿರುಕು ಚೆನ್ನಾಗಿಯೇ ಮುಚ್ಚಿತು. ಅಡುಗೆಮನೆಯಲ್ಲಿ ಎಣ್ಣೆ ಹಾಕಿ ನೋಡಿದರೆ ಬೋಲ್ಟ್ ಸಲೀಸಾಗಿ ಜಾರಿತು. ಮರುದಿನ ಬೆಳಿಗ್ಗೆ ಹಿತ್ತಲಿನ ತಣ್ಣನೆಯ ಶೆಡ್ಡಿನಲ್ಲಿ ಎಳೆದರೆ ಜಪ್ಪಯ್ಯ ಅಂದರೂ ಕದಲಲಿಲ್ಲ. ತಾನು ಮುಚ್ಚಿದ್ದೇ ಸೊಟ್ಟಗಾಗಿದೆ ಎಂದುಕೊಂಡು, ಬೋಲ್ಟನ್ನು ಬಡಿದು ಹೊರತೆಗೆದು, ಬಾಡಿಯ ಒಳಗೆಲ್ಲ ಅರದಿಂದ ಉಜ್ಜಿದ. ಮನೆಯೊಳಗೆ ತಂದು ಎಣ್ಣೆ ಹಾಕಿದರೆ ಸರಿಹೋಯಿತು. ಬೆಳಿಗ್ಗೆ ಶೆಡ್ಡಿನಲ್ಲಿ ಮತ್ತೆ ಅದೇ ರಾಗ. ಹಲ್ಲು ಕಡಿಯುತ್ತ ಮತ್ತೆ ಉಜ್ಜಿದ. ನಾಲ್ಕನೆಯ ಸಲ ಉಜ್ಜಿದ ಮೇಲೆ ಬೋಲ್ಟ್ ಸಡಿಲಾಗಿ ಗಡಗಡ ಅಲ್ಲಾಡತೊಡಗಿತು. ಇನ್ನು ಬಾಡಿಯನ್ನು ತಿಪ್ಪೆಗೆ ಎಸೆಯುವುದೊಂದೇ ಬಾಕಿ.

ಹೆಂಡತಿ ಪ್ರಭಾವತಿ ಚಹಾ ತಂದವಳು ಆ ಬೋಲ್ಟನ್ನು ಮೂಸಿ ನೋಡಿದಳು.

"ಇದಕ್ಕ ಯಾವ ಎಣ್ಣಿ ಹಾಕೀರಿ?"

"ಕೊಬ್ಬರಿ ಎಣ್ಣಿ. ಗದಗಿನಾಗ ನಮ್ಮಪ್ಪ ಹೊಲಿಗಿ ಮಷಿನ್‌ಗೆ ಅದನ್ನ ಹಾಕ್ತಿದ್ದ. ಒಂದು ದಿನಾನೂ ಹಿಡೀಲಿಲ್ಲ."

ಪ್ರಭಾವತಿ ನಗಲಿಲ್ಲ. "ದಿನಾ ಮುಂಜಾನೆ ತಲಿಗೆ ಹಚ್ಕೊಳ್ಳಾಕ, ಥಂಡಿಗೆ ಗಟ್ಟಿಯಾದ ಆ ಎಣ್ಣಿ ಬಾಟ್ಲಿ, ಮನಿ ಬೆಚ್ಚಗಿಡೋ ರೇಡಿಯೇಟರ್ ಮ್ಯಾಲ ಇಟ್ಟು ಕರಗಿಸೋರು ಯಾರ್ರೀ?"

ಶರಣಪ್ಪನ ಕೈ ತನ್ನ ತಲೆಯ ಮೇಲೆ ಹೋಯಿತು. ಬೆಳಿಗ್ಗೆ ಹಚ್ಚಿದ ಎಣ್ಣೆ ಅಲ್ಲಿ ಇನ್ನೂ ಆರಿರಲಿಲ್ಲ.