ಅತ್ತೆಗೆ ಸೇವಂತಿಗೆ

“ನಮ್ಮತ್ತೆ ಹೋಗಿ ಐದು ವರ್ಷವಾಯಿತು,” ಎಂದು ಇಮ್ಮಾ ಇಂಗ್ಲಿಷಿನಲ್ಲಿ ಹೇಳಿ, ಮಣೆಯ ಮೇಲಿದ್ದ ಸವೆದ ಚಾಕುವನ್ನು ಎತ್ತಿ ತೋರಿಸಿದಳು. “ಕೊನೆಯ ದಿನವೂ ಇದೇ ಮಣೆಯ ಮುಂದೆ ಕೂತಿದ್ದರು. ಚಾಕು ಕೈಯಲ್ಲೇ ಇತ್ತು.”

ಪಾಸ್ತಾ ಮಾಡುವುದನ್ನು ಕಲಿಯಲು ಬಂದು, ಮೇಜಿನ ಸುತ್ತ ನಿಂತು ಹಿಟ್ಟು ನಾದುತ್ತಿದ್ದ ಪ್ರವಾಸಿಗರ ಕೈಗಳು ಸ್ತಬ್ಧವಾದವು. ಹಾಲೆಂಡಿನಿಂದ ಬಂದ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅರ್ಜೆಂಟೀನಾದಿಂದ ಒಬ್ಬಳೇ ಬಂದಿದ್ದ ಗ್ರಾಸಿಯೆಲಾ ಎಂಬ ವಯಸ್ಸಾದ ಹೆಂಗಸು ಕಣ್ಣೊರೆಸಿಕೊಂಡಳು. ಪ್ರತಿ ಸಲವೂ ಈ ಮಾತಿಗೆ ಅಡುಗೆಮನೆ ಹೀಗೇ ಮೆತ್ತಗಾಗುತ್ತಿತ್ತು. ಆಮೇಲೆ ಎಲ್ಲರೂ ಹೆಚ್ಚು ಶ್ರದ್ಧೆಯಿಂದ ನಾದುತ್ತಿದ್ದರು.

ಅಡುಗೆಮನೆಯ ಕೊನೆಗೆ ಒಂದು ಹೂವಿನ ಪರದೆ. ಅದರ ಹಿಂದೆ, ಸತ್ತ ಅತ್ತೆ ಕೂತು ಪಾಸ್ತಾ ಮಾಡುತ್ತಿದ್ದಳು.

ಚೆಸಾರಿಯಾಗೆ ಎಂಬತ್ತು ದಾಟಿದ್ದರೂ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ರವೆಹಿಟ್ಟಿನ ಎಳೆಯಿಂದ ತುಂಡು ಕತ್ತರಿಸಿ, ಚಾಕುವಿನಿಂದ ಮಣೆಯ ಮೇಲೆ ಎಳೆದು, ಹೆಬ್ಬೆರಳಿಗೆ ಮಗುಚಿದಳೆಂದರೆ ಪುಟ್ಟ ಕಿವಿಯ ಹಾಗಿನ ಪಾಸ್ತಾ ಸಿದ್ಧ. ಪ್ರವಾಸಿಗರು ಮಾಡಿದ್ದು ಒಂದು ಕಡೆ ದಪ್ಪ, ಒಂದು ಕಡೆ ತೂತು. ಬೇಯಿಸಿದರೆ ದೇವರೇ ಗತಿ. ಅದಕ್ಕೇ ಅವರು ಮಹಡಿಯ ಮೇಲೆ ವೈನ್ ಕುಡಿಯುತ್ತಿರುವಾಗ ಇಮ್ಮಾ ಅವರದ್ದನ್ನೆಲ್ಲ ಕೋಳಿಗಳಿಗೆ ಹಾಕಿ, ಅತ್ತೆ ಮಾಡಿದ್ದನ್ನು ನೀರಿಗಿಳಿಸುತ್ತಿದ್ದಳು. ಆ ಬೀದಿಯಲ್ಲಿ ಅಡುಗೆ ಕಲಿಸುವ ಎಲ್ಲ ಮನೆಗಳಲ್ಲೂ ಇದೇ ಕಥೆ. ಬಾಯಿ ಬಿಡುವವರು ಮಾತ್ರ ಯಾರೂ ಇಲ್ಲ.

ಮೊದಲ ಬೇಸಿಗೆ ಚೆಸಾರಿಯಾಳೇ ಕಲಿಸಿದ್ದಳು. ತಪ್ಪು ಮಾಡಿದವರ ಕೈಗೆ ಪಟ್ಟೆಂದು ಏಟು ಹಾಕಿದಳು. ಒಬ್ಬಳ ಹಿಟ್ಟನ್ನು ನೋಡಿ, ಇದು ಚಪ್ಪಲಿಗೆ ಅಟ್ಟೆ ಹಾಕೋಕೆ ಲಾಯಕ್ಕು ಎಂದಳು. ಬಂದವರು ದೂರು ಕೊಟ್ಟರು. ಇಮ್ಮಾಳ ಗಂಡ ದೊನಾತೊ ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದದ್ದೇ ಈ ಕಲಿಸುವ ಕೆಲಸದಿಂದ. ಇಮ್ಮಾ ಅತ್ತೆಯ ಮುಂದೆ ಪರದೆ ಹಾಕಿ ತಾನೇ ಕಲಿಸತೊಡಗಿದಳು. ನಿಮಗೆ ಯಾರು ಕಲಿಸಿದ್ದು ಎಂದು ಬಂದವರು ಕೇಳಿದರೆ ಅತ್ತೆ ಎನ್ನುತ್ತಿದ್ದಳು. ಅವರನ್ನು ನೋಡಬಹುದೇ ಎಂದು ಒಬ್ಬರು ಕೇಳಿದಾಗ, ಇಲ್ಲ, ಹೋಗಿಬಿಟ್ಟರು ಎಂದಳು. ಕೇಳಿದವಳು ಇಮ್ಮಾಳನ್ನು ತಬ್ಬಿಕೊಂಡು ಅತ್ತಳು. ಒಂದು ಸುಳ್ಳಿಗೆ ಕೈಕಾಲು ಮೂಡಲು ಎಷ್ಟು ಹೊತ್ತು ಬೇಕು? ಚಾಕು ಬಂತು, ಕೊನೆಯ ದಿನ ಬಂತು. ಅತ್ತೆಗೆ ಇಂಗ್ಲಿಷ್ ಒಂದಕ್ಷರ ಬಾರದು ಎಂಬ ಧೈರ್ಯ ಬೇರೆ.

ದಿನಾ ಸಂಜೆ ಚೆಸಾರಿಯಾ ಕೈ ತೊಳೆಯುತ್ತ, ತಟ್ಟೆ ಖಾಲಿ ಮಾಡಿದರಾ, ನನ್ನ ವಿಷಯ ಏನಂದರು ಎಂದು ಕೇಳುತ್ತಿದ್ದಳು. ನಿಮಗೆ ನಮಸ್ಕಾರ ತಿಳಿಸೋಕೆ ಹೇಳಿದರು ಅತ್ತೆ ಎಂದು ಇಮ್ಮಾ ಹೇಳುತ್ತಿದ್ದಳು. ಮುದುಕಿಯ ಮುಖ ಅರಳುತ್ತಿತ್ತು. ಇಮ್ಮಾಗೆ ಆ ಮುಖ ನೋಡಲಾಗುತ್ತಿರಲಿಲ್ಲ.

ಇವತ್ತು, ಊರವರೆಲ್ಲ ಸಮಾಧಿಗಳಿಗೆ ಹೂವಿಡುವ ಸತ್ತವರ ಹಬ್ಬದ ಹಿಂದಿನ ದಿನ. ಬೆಳಗಿನಿಂದ ಎಲ್ಲರ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದ್ದ ಗ್ರಾಸಿಯೆಲಾ, ಅಳು ಬಂದದ್ದೇ ತಡ, ಇದೇ ಊರಿನಿಂದ ಹಡಗು ಹತ್ತಿದ್ದ ತನ್ನ ಅಜ್ಜಿಯ ಮಾತಿಗೆ ಜಾರಿದಳು. ಅಪ್ಪಟ ಊರ ಮಾತು, ಅದೂ ದೊಡ್ಡ ದನಿಯಲ್ಲಿ.

“ಅಯ್ಯೋ ಮಗಳೇ, ನಿಮ್ಮತ್ತೆ ಚಾಕು ಹಿಡ್ಕೊಂಡೇ ಸತ್ರಾ? ಎಂಥಾ ಪುಣ್ಯದ ಸಾವು! ಎಲ್ಲಿ ಮಣ್ಣು ಮಾಡಿದ್ರಿ, ಈ ಊರ ಸ್ಮಶಾನದಲ್ಲೇನಾ?”

ಪರದೆಯ ಹಿಂದೆ ಚಾಕುವಿನ ಸದ್ದು ನಿಂತಿತು.

ಇಮ್ಮಾ ಆ ಕಡೆ ತಿರುಗಿದಳು. ಪರದೆ ಕೈಯಳತೆಯಲ್ಲಿತ್ತು. ಎಳೆದುಬಿಟ್ಟಿದ್ದರೆ ಆಗುತ್ತಿತ್ತು. ಅವಳು ಗ್ರಾಸಿಯೆಲಾಳ ಒದ್ದೆ ಕಣ್ಣನ್ನೇ ನೋಡುತ್ತ, ಹೌದು ಎಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಚಾಕು ಮತ್ತೆ ಮಣೆಯ ಮೇಲೆ ಓಡತೊಡಗಿತು.

ಅವರೆಲ್ಲ ಉಂಡು ಹೊರಟ ಮೇಲೆ ಇಮ್ಮಾ ಪರದೆ ಸರಿಸಿದಳು. ಉಳಿದ ಪಾಸ್ತಾದ ಮೇಲೆ ಬಟ್ಟೆ ಮುಚ್ಚಿತ್ತು. ಚೆಸಾರಿಯಾ ಕೈ ತೊಳೆದುಕೊಂಡು ಕೂತಿದ್ದಳು. ಇವತ್ತು ಏನನ್ನೂ ಕೇಳಲಿಲ್ಲ.

“ಅತ್ತೆ...”

“ಬದುಕಿದ್ದೋರನ್ನ ಸತ್ರು ಅಂದ್ರೆ ಆಯಸ್ಸು ಹೆಚ್ಚುತ್ತಂತೆ,” ಎಂದಳು ಮುದುಕಿ. “ಎಷ್ಟು ಬೇಸಿಗೆಯಿಂದ ಹೇಳ್ತಿದ್ದೀಯೋ ಏನೋ. ನೂರು ದಾಟ್ತೀನಿ ಬಿಡು.”

ಚೆಸಾರಿಯಾ ಮಣೆಯ ಮೇಲಿನ ಹಿಟ್ಟಿನ ಪುಡಿಯನ್ನು ಅಂಗೈಯಲ್ಲಿ ಒಟ್ಟು ಮಾಡಿದಳು.

“ದಿನಾ ನಮಸ್ಕಾರ ಹೇಳಿ ಕಳಿಸ್ತಿದ್ರಲ್ಲ ಇಮ್ಮಾ. ಅದನ್ನೂ ನೀನೇ ಕಟ್ಟಿದ್ದಾ?”

ಹಾಳಾದ ಹೊಟ್ಟೆಪಾಡು ಎನ್ನಬಹುದಿತ್ತು. ಇಮ್ಮಾ ನಾಚಿಕೆಯಿಂದ ತಟ್ಟೆಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ಇನ್ನು ಯಾರೇ ಬರಲಿ, ಮೊದಲು ಅತ್ತೆಯ ಕೈ ಹಿಡಿದು ಮುಂದೆ ನಿಲ್ಲಿಸಿ ಇವರೇ ನಮ್ಮತ್ತೆ ಎನ್ನುತ್ತೇನೆ ಎಂದು ಆ ರಾತ್ರಿಯೆಲ್ಲ ಮನಸ್ಸಿನಲ್ಲೇ ಹೇಳಿಕೊಂಡಳು.

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಇಮ್ಮಾ ಒಲೆ ಆರಿಸಿ ಬರುವಷ್ಟರಲ್ಲಿ ಚೆಸಾರಿಯಾಳೇ ಬಾಗಿಲು ತೆಗೆದಿದ್ದಳು. ಹೊರಗೆ ಗ್ರಾಸಿಯೆಲಾ. ಎರಡೂ ಕೈಯಲ್ಲಿ ಅವುಚಿಕೊಂಡಿದ್ದ ಕುಂಡದ ತುಂಬ ಹಳದಿ ಸೇವಂತಿಗೆ. ಆ ಊರಲ್ಲಿ ಸೇವಂತಿಗೆ ಸಮಾಧಿಗೆ ಮಾತ್ರ. ಬದುಕಿದ್ದವರ ಕೈಗೆ ಅದನ್ನು ಯಾರೂ ಕೊಡುವುದಿಲ್ಲ.

ಸ್ಮಶಾನದಲ್ಲಿ ಎಲ್ಲ ಕಲ್ಲುಗಳನ್ನೂ ಓದಿದೆ, ಇಮ್ಮಾಳ ಅತ್ತೆಯ ಸಮಾಧಿ ಸಿಗಲಿಲ್ಲ, ಯಾರಾದರೂ ತೋರಿಸುತ್ತೀರಾ ಎಂದು ಗ್ರಾಸಿಯೆಲಾ ಕೇಳುತ್ತಿದ್ದಳು. ಮಧ್ಯಾಹ್ನಕ್ಕೆ ಅವಳ ರೈಲಂತೆ.

ಈಗ, ಎಂದುಕೊಂಡಳು ಇಮ್ಮಾ. ಎರಡು ಹೆಜ್ಜೆ ಮುಂದೆ ಬಂದಳು.

“ನೀವು ಅವರಿಗೇನಾಗಬೇಕಮ್ಮ?” ಎಂದಳು ಗ್ರಾಸಿಯೆಲಾ, ಮುದುಕಿಯನ್ನು ನೋಡುತ್ತ.

ಚೆಸಾರಿಯಾ ತಿರುಗಿ ಸೊಸೆಯ ಕಡೆ ನೋಡಿದಳು. ಕಾದಳು. ಸಾಕಷ್ಟು ಹೊತ್ತೇ ಕಾದಳು. ಇಮ್ಮಾಳ ತುಟಿ ಅಲುಗಿತು, ಮಾತು ಹೊರಡಲಿಲ್ಲ.

“ತಂಗಿ,” ಎಂದಳು ಚೆಸಾರಿಯಾ. “ಸತ್ತವಳ ತಂಗಿ. ಕೊಡಿ, ನಾನು ಮುಟ್ಟಿಸ್ತೀನಿ.”

“ಹೇಗಿದ್ರು ಅವರು?”

“ಬಾಯಿ ಕೆಟ್ಟದ್ದು. ಕೈ ಒಳ್ಳೇದು.”

ಗ್ರಾಸಿಯೆಲಾ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳಿ ಎಂದು ಮೆಟ್ಟಿಲಿಳಿದು ಹೋದಳು.

ಚೆಸಾರಿಯಾ ಬಾಗಿಲು ಹಾಕಿ, ಕುಂಡವನ್ನು ಸೊಸೆಯ ಕೈಗಿಟ್ಟಳು. “ಎಲ್ಲಿಡ್ತೀಯೋ ನೋಡು,” ಎಂದು ಒಳಗೆ ಹೋಗಿ ಪರದೆ ಎಳೆದುಕೊಂಡಳು. ಹತ್ತು ಗಂಟೆಗೆ ಹೊಸಬರು ಬರುವವರಿದ್ದರು.

ಇಮ್ಮಾ ಮೇಜಿನ ಹತ್ತಿರ ಹೋದಳು. ಕಿಟಕಿಯ ಹತ್ತಿರ ಹೋದಳು. ಬಾಗಿಲ ತನಕ ಹೋಗಿ ತಿರುಗಿ ಬಂದಳು. ಪರದೆಯ ಹಿಂದೆ ಚಾಕು ಮಣೆಯ ಮೇಲೆ ಎಳೆಯುವ ಸದ್ದು ಶುರುವಾಯಿತು. ಕುಂಡ ಒದ್ದೆಯಾಗಿತ್ತು; ನೀರು ಅವಳ ಮೊಣಕೈವರೆಗೆ ಇಳಿಯುತ್ತಿತ್ತು.