ಯಾರೂ ನೋಡದ ಫೋಟೋ

ಮೆಣಸಿನಕಾಯಿ ಪೇಟೆಯಾದ್ದರಿಂದ ಬ್ಯಾಡಗಿಯಲ್ಲಿ ಸೀನಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಮದುವೆಯಾಗದ ಹೆಂಗಸೊಬ್ಬಳು ನೆಟ್ ಸೆಂಟರಿನ ಮೆಟ್ಟಿಲು ಹತ್ತಿದರೆ ಊರಿಗೆ ಊರೇ ತಿರುಗಿ ನೋಡುತ್ತದೆ. ಅದಕ್ಕೇ ಸುಧಾರಾಣಿ ಭಾನುವಾರದ ಪ್ಯಾಸೆಂಜರ್ ರೈಲು ಹತ್ತಿ ರಾಣೆಬೆನ್ನೂರಿಗೆ ಹೋಗುತ್ತಿದ್ದಳು. ಅಣ್ಣ ಅತ್ತಿಗೆಗೆ ಗೆಳತಿಯ ಮನೆಗೆಂದು ಹೇಳುತ್ತಿದ್ದಳು. ಆ ಗೆಳತಿ ಮದುವೆಯಾಗಿ ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಷ್ಟೆಲ್ಲ ನೆನಪಿಟ್ಟುಕೊಂಡು ಅವಳನ್ನು ಕೇಳುವವರಾದರೂ ಆ ಮನೆಯಲ್ಲಿ ಯಾರಿದ್ದರು?

ವಯಸ್ಸು ನಲವತ್ತು ದಾಟಿತ್ತು. ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕುಳಿತು, ಒಳಗೆ ಹೋಗುವ ಮೆಣಸಿನಕಾಯಿ ಚೀಲಗಳಿಗೆ ರಸೀದಿ ಬರೆಯುವ ಕೆಲಸ. ವರ ಹುಡುಕಿ ಸುಸ್ತಾದ ಅಣ್ಣ ಆ ಮಾತನ್ನೇ ಕೈಬಿಟ್ಟಿದ್ದ. ಅವಳು ಬಿಟ್ಟಿರಲಿಲ್ಲ. ರಾಣೆಬೆನ್ನೂರಿನಲ್ಲಿ ರಮಜಾನನೆಂಬ ಹುಡುಗನ ನೆಟ್ ಸೆಂಟರಿನಲ್ಲಿ ಕುಳಿತು ಮದುವೆಯ ವೆಬ್‌ಸೈಟೊಂದರಲ್ಲಿ ತಾನೇ ಹೆಸರು ಹಚ್ಚಿದ್ದಳು.

ಫೋಟೋ ಹಾಕುವಾಗ, ಇದನ್ನು ಯಾರು ಯಾರು ನೋಡಬಹುದು ಎಂದು ಸೈಟು ಕೇಳಿತ್ತು. ಎಲ್ಲರೂ ನೋಡಬಹುದೋ, ಅವಳು ಒಪ್ಪಿಗೆ ಕೊಟ್ಟವರು ಮಾತ್ರವೋ? ಎಲ್ಲರೂ ಎಂದರೆ ಬ್ಯಾಡಗಿಯೂ ಬಂತಲ್ಲ ಎಂದು ಅವಳು ಎರಡನೆಯದನ್ನು ಒತ್ತಿದ್ದಳು. ಆಮೇಲೆ ಯಾರಿಗೂ ಒಪ್ಪಿಗೆ ಕೊಡುವ ಧೈರ್ಯವೇ ಬರಲಿಲ್ಲ. ಇಳಕಲ್ ಸೀರೆ ಉಟ್ಟು ಸ್ಟುಡಿಯೋದಲ್ಲಿ ತೆಗೆಸಿದ ಆ ಫೋಟೋವನ್ನು, ಸ್ಕ್ಯಾನ್ ಮಾಡಿಕೊಟ್ಟ ರಮಜಾನನನ್ನು ಬಿಟ್ಟರೆ, ಒಂದು ನರಪಿಳ್ಳೆಯೂ ನೋಡಿರಲಿಲ್ಲ.

ಆದರೂ ಅವಳು ಹೋಗುವುದನ್ನು ತಪ್ಪಿಸುತ್ತಿರಲಿಲ್ಲ. ಸೈಟು ತೆರೆದರೆ ಸಾಕು, ‘ಮತ್ತೆ ಸ್ವಾಗತ, ಸುಧಾರಾಣಿ’ ಎಂದು ಇಂಗ್ಲಿಷಿನಲ್ಲಿ ಮೂಡುತ್ತಿತ್ತು. ಮೊದಲ ದಿನವೇ ರಮಜಾನ ಕೇಳಿದ್ದ: “ನಿಮ್ಮ ಗುರ್ತು ಇಟ್ಕೋಬೇಕೇನು ಅಂತ ಕೇಳಾಕತ್ತೈತ್ರಿ ಅಕ್ಕಾರ. ಹೂಂ ಅಂದ್ರ ಪ್ರತಿ ಸಲ ಪಾಸ್‌ವರ್ಡ್ ಹೊಡಿಯೂದು ತಪ್ಪತೈತಿ.” ಅವಳು ಹೂಂ ಎಂದಿದ್ದಳು. ಹಾಗೆ ಗುರುತು ಹಿಡಿಯುತ್ತಿದ್ದುದು ಕಿಟಕಿ ಬದಿಯ ಕಂಪ್ಯೂಟರ್ ಒಂದೇ. ಉಳಿದವು ಖಾಲಿಯಿದ್ದರೂ ಅವಳು ಅದಕ್ಕಾಗಿ ಕಾಯುತ್ತಿದ್ದಳು. ಅದಕ್ಕೆ ತನ್ನ ಮೇಲೆ ಜೀವವಿದೆ ಎಂಬ ಹುಚ್ಚು ಅವಳಿಗೆ ಹಿಡಿದಿತ್ತು. ನಗಬೇಡಿ, ವಾರಕ್ಕೊಮ್ಮೆಯಾದರೂ ಹೆಸರು ಹಿಡಿದು ಕರೆಯುವವರು ಎಲ್ಲರಿಗೂ ಬೇಕು.

ಒಂದು ಭಾನುವಾರ ಹೋದರೆ ಆ ಕುರ್ಚಿಯಲ್ಲಿ ಪ್ರಭುಲಿಂಗಪ್ಪ ಕುಳಿತಿದ್ದ. ಬ್ಯಾಡಗಿಯ ದಲಾಲಿ ಅಂಗಡಿಯೊಂದರ ಗುಮಾಸ್ತ, ಹೆಂಡತಿ ತೀರಿಕೊಂಡವನು. ಚೀಲ ಇಡಿಸಲು ಬಂದಾಗಲೆಲ್ಲ ಅವಳ ಮೇಜಿನ ಮುಂದೆ ನಿಂತು ನಾಲ್ಕು ಮಾತಾಡಿ ಹೋಗುವವನು. ಅವನೆದುರಿನ ಪರದೆಯ ಮೇಲೆ ಅವಳ ಹೆಸರಿತ್ತು, ಹೆಸರಿನ ಕೆಳಗೆ ಇಳಕಲ್ ಸೀರೆಯ ಫೋಟೋ ಇತ್ತು.

ಅವಳನ್ನು ಕಂಡು ಅವನು ಗಡಬಡಿಸಿ ಎದ್ದ. “ನಾ ಸೈಟಿನ ಹೆಸರಷ್ಟ ಹೊಡದೇನ್ರಿ. ಇದು ತಾನ ಬಂತು,” ಎಂದ. ಅದೇ ಸೈಟಿನ ಹೆಸರು ಹೊಡೆಯಲು ಅವನಿಗೇನು ಕೆಲಸವಿತ್ತೆಂಬುದು ಇಬ್ಬರಿಗೂ ಅದೇ ಕ್ಷಣ ಹೊಳೆದು, ಅವನ ಮುಖ ಕೆಂಪಾಯಿತು.

ರಮಜಾನ ಓಡಿಬಂದು ಪುಟ ಮುಚ್ಚಿದ. “ಕುಕಿ ಅಂತಾರ್ರಿ ಅಕ್ಕಾರ ಇದಕ್ಕ. ಸೈಟು ಕಂಪ್ಯೂಟರಿನ್ಯಾಗ ಒಂದು ಸಣ್ಣ ಚೀಟಿ ಇಟ್ಟು ಹೋಗತೈತಿ. ಮುಂದಿನ ಸಲ ಅದನ್ನ ನೋಡಿ, ನೀವ ಬಂದೀರಿ ಅಂತ ತಿಳದು ನಿಮ್ಮ ಹೆಸರು, ಫೋಟೋ ತೋರಸತೈತಿ. ಮುಂದ ಯಾರು ಕುಂತಾರ ಅಂತ ಅದಕ್ಕೇನು ಗೊತ್ತಾಗಂಗಿಲ್ಲ.”

“ಅಳಿಸಿಬಿಡಪಾ ಅದನ್ನ,” ಎಂದಳು ಸುಧಾರಾಣಿ. ಇಷ್ಟು ದಿನ ಅದು ಕರೆಯುತ್ತಿದ್ದುದು ತನ್ನನ್ನಲ್ಲ, ಆ ಕುರ್ಚಿಯಲ್ಲಿ ಕುಳಿತ ಯಾರನ್ನಾದರೂ ಎಂಬುದು ಆಗ ಅವಳಿಗೆ ತಿಳಿಯಿತು. ಅದು ಹೆದರಿಕೆಗಿಂತ ಹೆಚ್ಚು ನೋಯಿಸಿತು.

“ಯಾರ ಮುಂದೂ ಬಾಯಿ ಬಿಡಂಗಿಲ್ಲ್ರಿ,” ಎಂದು ಪ್ರಭುಲಿಂಗಪ್ಪ ಮೆಟ್ಟಿಲ ಬಳಿ ತಗ್ಗಿದ ದನಿಯಲ್ಲಿ ಹೇಳಿದ. ಇಬ್ಬರೂ ಒಂದೇ ರೈಲಿನಲ್ಲಿ, ಬೇರೆ ಬೇರೆ ಡಬ್ಬಿಯಲ್ಲಿ ಊರಿಗೆ ಮರಳಿದರು.

ಆಮೇಲೆ ಪೇಟೆಯಲ್ಲಿ ಯಾರು ನಕ್ಕರೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಸುದ್ದಿ ಅಣ್ಣನ ಕಿವಿಗೆ ಬಿದ್ದರೆ ತಲೆಯೆತ್ತಿ ತಿರುಗುವಂತಿರಲಿಲ್ಲ. ಆದರೆ ತಿಂಗಳು ಕಳೆದರೂ ಒಬ್ಬರೂ ಒಂದು ಮಾತು ಆಡಲಿಲ್ಲ. ಪ್ರಭುಲಿಂಗಪ್ಪ ಕೊಟ್ಟ ಮಾತು ಉಳಿಸಿಕೊಂಡಿದ್ದ. ಎಷ್ಟರಮಟ್ಟಿಗೆಂದರೆ, ಅವಳೊಡನೆ ಮಾತಾಡುವುದನ್ನೇ ಬಿಟ್ಟಿದ್ದ. ಚೀಲದ ಜೊತೆ ಹಮಾಲರನ್ನಷ್ಟೇ ಕಳಿಸುತ್ತಿದ್ದ. ತಾನೇ ಬರಬೇಕಾದರೆ ತಲೆ ತಗ್ಗಿಸಿ ರಸೀದಿ ತೆಗೆದುಕೊಂಡು ಹೋಗಿಬಿಡುತ್ತಿದ್ದ.

ಮೊದಮೊದಲು ಅವಳಿಗೆ ನಿರಾಳವೆನಿಸಿತು. ಬರಬರುತ್ತ ಆ ನಾಲ್ಕು ಮಾತಿಲ್ಲದೆ ದಿನಗಳು ಬಣಬಣವಾದವು. ಗುಟ್ಟು ಉಳಿದಿತ್ತು, ಅವಳೂ ಒಬ್ಬಳೇ ಉಳಿದಿದ್ದಳು. ಅವನೂ ಹುಡುಕುತ್ತಿದ್ದವನೇ ಅಲ್ಲವೇ? ಫೋಟೋವನ್ನಂತೂ ನೋಡಿದ್ದಾನೆ. ನೋಡಿದಾಗ ಅವನಿಗೆ ಏನನ್ನಿಸಿತು? ಆ ಒಂದು ಪ್ರಶ್ನೆ ಅವಳನ್ನು ಉಣ್ಣಲು ಬಿಡಲಿಲ್ಲ, ಮಲಗಲು ಬಿಡಲಿಲ್ಲ.

ಒಂದು ಮಧ್ಯಾಹ್ನ ಅವನು ಬಂದಾಗ ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಸುಧಾರಾಣಿ ಪೆನ್ನು ಕೆಳಗಿಟ್ಟಳು. ಯಾರಿಗೂ ಒಪ್ಪಿಗೆ ಕೊಡಲು ಇಷ್ಟು ದಿನ ಬಾರದಿದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಕೇಳಿದಳು:

“ನನ್ನ ಫೋಟೋ ಹೆಂಗ ಬಂದಿತ್ರಿ?”

ಪ್ರಭುಲಿಂಗಪ್ಪ ಬೆಚ್ಚಿ ಬಾಗಿಲ ಕಡೆ ನೋಡಿದ. ಪಾಪ, ತನ್ನ ಬಾಯಿ ಎಷ್ಟು ಗಟ್ಟಿ ಎಂದು ಪರೀಕ್ಷೆ ಮಾಡುತ್ತಿದ್ದಾಳೆಂದುಕೊಂಡ. ಅವನ ದನಿಯಲ್ಲಿ ಬರೀ ಮರ್ಯಾದೆಯಿತ್ತು.

“ಖರೇ ಹೇಳತೇನ್ರಿ, ನಾ ಏನೂ ನೋಡಿಲ್ಲ. ನೀವು ಅಂಜಬ್ಯಾಡ್ರಿ. ನೀವು ನನಗ ಒಡಹುಟ್ಟಿದ ತಂಗಿ ಇದ್ದಂಗ.”

ಸುಧಾರಾಣಿ ಪೆನ್ನು ಎತ್ತಿಕೊಂಡು, ಚೀಲ ಎಷ್ಟು ಎಂದು ಕೇಳಿದಳು.