ಬೆರಳ ತುದಿಯ ಅಂಕೆ

ದ್ವಾರಕಾ ಹಾಲಿನ ಪಾಕೀಟನ್ನು ಸಾಬೂನು ನೀರಿನಲ್ಲಿ ತೊಳೆದು, ಒರೆಸಿ, ಕತ್ತರಿಸಿ ಪಾತ್ರೆಗೆ ಸುರಿದಳು. ಹೋದ ವರ್ಷ ಕೊರೊನಾ ಬಂದಾಗಿನಿಂದ ಮರಾಠಿ ಸೀಮೆಯ ಅಕ್ಕಲಕೋಟದ ಆ ಮನೆಯಲ್ಲಿ ಬೆಳಗಾಗುವುದೇ ಹೀಗೆ. ಬಾಗಿಲ ಹೊರಗೆ ನೀರಿನ ಬಕೆಟ್ಟು, ಪಕ್ಕದಲ್ಲಿ ಸಾಬೂನು. ಪೇಟೆಯಿಂದ ತಂದ ಕಾಯಿಪಲ್ಯ ಅರ್ಧ ತಾಸು ಉಪ್ಪುನೀರಿನಲ್ಲಿ ಬಿದ್ದಿರಬೇಕು. ಈ ನಿಯಮಗಳನ್ನೆಲ್ಲ ಮಾಡಿದವನು ಅವಳ ಗಂಡ ರಾಘವೇಂದ್ರ. ತಾಲೂಕಿನ ಒಂದು ಕಚೇರಿಯಲ್ಲಿ ಅವನು ಹೆಡ್ ಕ್ಲಾರ್ಕ್. ಮೊದಲ ಲಾಕ್‌ಡೌನ್ ಆದಾಗ ಅವಳ ಹೊಲಿಗೆ ಯಂತ್ರದ ಮೇಲೆ ಹಲಗೆ ಹಾಕಿ, ಮೊಬೈಲಿಗೆ ಚಹಾಪುಡಿಯ ಡಬ್ಬಿಯ ಆಸರೆ ಕೊಟ್ಟು, ನಡುಮನೆಯ ಮೂಲೆಯಲ್ಲೇ ಕಚೇರಿ ನಡೆಸಿದ್ದ.

ಆ ಮೊಬೈಲನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಅವನು ಸ್ನಾನಕ್ಕೆ ಹೋದಾಗ ಅದು ಗುಂಯ್‌ಗುಟ್ಟಿತು. ದ್ವಾರಕಾ ಎತ್ತಿಕೊಳ್ಳಲು ಹೋಗಿ ಎಲ್ಲಿಯೋ ಬೆರಳು ತಾಗಿಸಿದಳು, ಸಾಹೇಬರ ಕರೆ ಕಟ್ಟಾಯಿತು. ಅಂದೇ ಅವನು ಅದಕ್ಕೆ ತನ್ನ ಹೆಬ್ಬೆರಳಿನ ಗುರುತಿನ ಲಾಕ್ ಹಾಕಿದ. "ಇದು ನಿನಗ ತಿಳಿಯೂದಿಲ್ಲ. ಮುಟ್ಟಬ್ಯಾಡ" ಅಂದ. ಸಿಟ್ಟಿನಿಂದಲ್ಲ, ಮಕ್ಕಳಿಗೆ ಒಲೆ ಮುಟ್ಟಬೇಡ ಅನ್ನುವ ಹಾಗೆ. ಅವಳದೊಂದು ಹಳೆಯ ಗುಂಡಿ ಮೊಬೈಲು ಇತ್ತು. ಅದು ಕೆಟ್ಟಮೇಲೆ, "ನೀ ಯಾರಿಗೆ ಫೋನ್ ಮಾಡೋದದ, ನಂದು ಅದ ಅಲ್ಲ" ಅಂದು ರಿಪೇರಿಗೂ ಕೊಡಲಿಲ್ಲ. ಅವಳೂ ಕೇಳಲಿಲ್ಲ. ತವರೂರು ಮಂದ್ರೂಪದ ಕನ್ನಡ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಆ ಮೊಬೈಲಿನ ಇಂಗ್ಲಿಷ್ ಅಕ್ಷರ ನೋಡಿದರೆ ಅವಳಿಗೇ ಅಂಜಿಕೆ.

ಎರಡನೆಯ ಅಲೆಯ ಏಪ್ರಿಲ್ ಅದು. ಗಲ್ಲಿಯಲ್ಲಿ ದಿನಕ್ಕೊಂದು ಸುದ್ದಿ. ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದ ಮಗಳು ಸುರಭಿ ಬಸ್ಸು ನಿಂತದ್ದರಿಂದ ಅಲ್ಲಿಯೇ ಉಳಿದಿದ್ದಳು. ರಾಘವೇಂದ್ರನ ಜೊತೆ ಇಪ್ಪತ್ತು ವರ್ಷ ಒಂದೇ ಟೇಬಲ್ಲಿಗೆ ಕೂತ ಅವಿನಾಶ, ಸೊಲ್ಲಾಪುರದ ಆಸ್ಪತ್ರೆಗೆ ನಡೆದುಕೊಂಡೇ ಹೋದವನು, ನಾಲ್ಕನೆಯ ದಿನ ತೀರಿಕೊಂಡ. ಮುಖ ನೋಡಲು ಕೂಡ ಮನೆಯವರಿಗೆ ಸಿಗಲಿಲ್ಲ.

ಅದಾದ ವಾರಕ್ಕೆ ರಾಘವೇಂದ್ರನಿಗೆ ಜ್ವರ ಬಂತು.

"ಬಿಸಿಲು ತಾಗೇದ" ಅಂದ. ತಪಾಸಣೆಗೆ ಹೋಗಲಿಲ್ಲ. ಹೊರಗಿನ ಖೋಲಿಯಲ್ಲಿ ಹಾಸಿಗೆ ಹಾಕಿಸಿಕೊಂಡು, ತಾಟನ್ನು ಹೊಸ್ತಿಲಲ್ಲಿ ಇಡಿಸಿಕೊಂಡ. "ಯಾರಿಗೂ ಹೇಳಬ್ಯಾಡ. ಗಲ್ಲಿಯವರು ಬಾಗಲಕ್ಕ ಕೊರೊನಾ ಪಟ್ಟಿ ಹಚ್ಚಿಸ್ತಾರ." ಔಷಧ ಅಂಗಡಿಯಿಂದ ಮೊದಲೇ ತಂದಿಟ್ಟಿದ್ದ ಆಕ್ಸಿಮೀಟರನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಬಟ್ಟೆ ಒಣಹಾಕುವ ಚಿಮಟಿಯ ಹಾಗೆ ಬೆರಳಿಗೆ ಕಚ್ಚಿಸುವ ಪುಟ್ಟ ಯಂತ್ರ. ಆಮ್ಲಜನಕದ್ದೊಂದು, ನಾಡಿಯದ್ದೊಂದು, ಎರಡು ಕೆಂಪು ಅಂಕೆ ಮೂಡುತ್ತವೆ. ಆಮ್ಲಜನಕ ತೊಂಬತ್ನಾಲ್ಕಕ್ಕಿಂತ ಇಳಿಯಬಾರದು. ಇಷ್ಟು ದ್ವಾರಕಾಗೆ ಗೊತ್ತು. ಸುರಭಿ ಕರೆಯಲ್ಲಿ ಹೇಳಿದ್ದನ್ನು ಬಾಗಿಲ ಮರೆಯಿಂದ ಕೇಳಿದ್ದಳು.

ಸುರಭಿ ದಿನಾ ಮುಂಜಾನೆ, ಸಂಜೆ ಫೋನಿನಲ್ಲಿ ಅಂಕೆ ಕೇಳುತ್ತಿದ್ದಳು. ಅವನು ದಿನಾ ಹೇಳುತ್ತಿದ್ದ: "ತೊಂಬತ್ತೇಳು." "ತೊಂಬತ್ತಾರು."

ಆರನೆಯ ದಿನ ಮಧ್ಯಾಹ್ನ ದ್ವಾರಕಾ ಗಂಜಿ ಹಿಡಿದು ಬಂದಾಗ ಅವನು ಗೋಡೆಗೆ ಒರಗಿ ಕೂತು ಬೆರಳಿಗೆ ಯಂತ್ರ ಹಾಕಿಕೊಂಡಿದ್ದ. ಒಂದು ಮಾತು ಹೇಳಲು ನಡುವೆ ಎರಡು ಸಲ ನಿಲ್ಲುತ್ತಿದ್ದ.

"ಎಷ್ಟದರೀ?"

"ತೊಂಬತ್... ತೆಂಟು. ನಾಡಿ ತೊಂಬತ್ತಾರು. ಎಲ್ಲಾ... ಬರಾಬರ್ ಅದ."

ಅವಳು ಎದುರಿಗೆ ನಿಂತಿದ್ದಳು. ಅವಳ ಕಡೆಯಿಂದ ಕಂಡ ಅಂಕೆ ಬೇರೆಯಾಗಿತ್ತು.

"ನನಗ ಎಂಬತ್ತಾರು ಕಾಣಸ್ತದ."

"ಆ ಬದಿಯಿಂದ ನೋಡಿದರ ಇನ್ನೇನು ಕಾಣಸ್ತದ? ತಿರುಗಿ ಓದ್ಲಿಕ್ಕತ್ತೀದಿ ನೀ."

"ಹಂಗಲ್ಲರೀ, ನಿಮಗ ದಮ್ಮು..."

"ತಿಳೀಲಾರದ್ದರಾಗ... ಬಾಯಿ ಹಾಕಬ್ಯಾಡ ದ್ವಾರಕಾ."

ಅವಳು ಗಂಜಿ ಇಟ್ಟು ಅಡುಗೆಮನೆಗೆ ಬಂದಳು. ಅವನು ಹೇಳಿದ್ದೇ ಸರಿ ಇರಬೇಕು. ಗ್ಯಾಸ್ ಬುಕ್ ಮಾಡುವವನು ಅವನು, ಬ್ಯಾಂಕಿಗೆ ಹೋಗುವವನು ಅವನು. ಇಷ್ಟು ವರ್ಷ ಅಂಕೆಗಳೆಲ್ಲ ಅವನವೇ. ತಾನು ತಪ್ಪು ಓದಿರಬೇಕು. ಹಾಗೆ ಅಂದುಕೊಂಡರೆ ಎದೆ ಸ್ವಲ್ಪ ಹಗುರಾಗುತ್ತಿತ್ತು. ಆದರೆ ಹೊರಗಿನ ಖೋಲಿಯಿಂದ ಅವನ ಉಸಿರು ಕೇಳುತ್ತಿತ್ತು. ಓಡಿ ಬಂದವನ ಉಸಿರಿನ ಹಾಗೆ, ಗಿಡ್ಡಗಿಡ್ಡ. ಮಲಗಿದವನು ಯಾಕೆ ಹಾಗೆ ಉಸಿರಾಡಬೇಕು?

ಮೂಗು-ಬಾಯಿಗೆ ಎರಡು ಮಾಸ್ಕ್ ಕಟ್ಟಿಕೊಂಡು ಅವಳು ಮತ್ತೆ ಖೋಲಿಗೆ ಹೋದಳು. ಅವನಿಗೆ ಮಂಪರು ಬಂದಿತ್ತು. ತುಟಿಯ ಬಣ್ಣ ಕಂದಿತ್ತು. ಯಂತ್ರ ಹಾಸಿಗೆಯ ಮೇಲೆ ಬಿದ್ದಿತ್ತು. ಮುಟ್ಟಬೇಡ ಅಂದ ವಸ್ತು. ಅವಳು ಅದನ್ನು ಎತ್ತಿಕೊಂಡು, ಸೆರಗಿಗೆ ಒರೆಸಿ, ತನ್ನದೇ ಬೆರಳಿಗೆ ಹಾಕಿ ಗುಂಡಿ ಒತ್ತಿದಳು.

ಅಂಕೆ ಮೂಡಿದವು. ಕೈಯನ್ನು ತನ್ನ ಕಡೆಗೆ ಹಿಡಿದು ನೋಡಿದರೆ ಏನೂ ತಿಳಿಯಲಿಲ್ಲ. ಒಂದು ಅಂಕೆ ಮುರಿದ ಮೊಳೆಯ ಹಾಗೆ, ಇನ್ನೊಂದು ಕುರ್ಚಿಯ ಹಾಗೆ ಇತ್ತು. ಕೈ ತಿರುಗಿಸಿ, ಬೆರಳ ತುದಿಯ ಕಡೆಯಿಂದ ನೋಡಿದಳು. ತೊಂಬತ್ತೇಳು. ನಾಡಿ ಎಂಬತ್ನಾಲ್ಕು. ಏಳು ಏಳಾಗಿಯೇ ನಿಂತಿತ್ತು, ನಾಲ್ಕು ನಾಲ್ಕಾಗಿ.

ಹಾಗಾದರೆ ಬೆರಳ ತುದಿಯ ಕಡೆಯಿಂದಲೇ ಓದಬೇಕು. ಅವಳು ಎದುರಿಗೆ ನಿಂತು ಓದಿದ್ದು ಆ ಕಡೆಯಿಂದಲೇ. ಎಂಬತ್ತಾರನ್ನು ತಲೆಕೆಳಗೆ ಮಾಡಿದರೆ ತೊಂಬತ್ತೆಂಟು. ನಾಡಿಯ ತೊಂಬತ್ತಾರು ಹೇಗೆ ತಿರುಗಿಸಿದರೂ ತೊಂಬತ್ತಾರೇ. ಅದಕ್ಕೇ ಅವನಿಗೆ ಎರಡೂ ಸರಿಯಾಗಿ ಕಂಡಿದ್ದವು.

ಅವಳು ಯಂತ್ರವನ್ನು ಅವನ ಬೆರಳಿಗೆ ಹಾಕಿದಳು. ಎಂಬತ್ತೈದು.

"ರೀ, ಏಳ್ರಿ. ಇಲ್ಲಿ ನೋಡ್ರಿ." ಅವನ ಕೈಯನ್ನೇ ಎತ್ತಿ, ತಿರುಗಿಸಿ, ಅವನ ಕಣ್ಣಮುಂದೆ ಹಿಡಿದಳು.

ರಾಘವೇಂದ್ರ ಬಹಳ ಹೊತ್ತು ನೋಡಿದ. ಆಮೇಲೆ ಅವಳ ಕಡೆ ನೋಡದೆ ಹೇಳಿದ: "ನಿನ್ನೆ... ಎರಡೂ ಕಡೆಯಿಂದ ನೋಡಿದ್ದೆ. ಒಂದು ಕಡೆ ಎಂಬತ್ತಾರು, ಇನ್ನೊಂದು ಕಡೆ ತೊಂಬತ್ತೆಂಟು ಇತ್ತು. ಗುಂಡಿ ಒತ್ತಿ ಒತ್ತಿ... ಛಲೋ ಕಾಣೋ ತನಕಾ ತಿರುಗಿಸಿದೆ."

"ಯಾಕ್ರೀ ಹಿಂಗ ಮಾಡಿದಿರಿ?"

"ಅವಿನಾಶ ನಡಕೋತ ಹೋಗಿದ್ದ, ದ್ವಾರಕಾ." ಅವನ ಕಣ್ಣಲ್ಲಿ ನೀರು ತುಂಬಿತು. "ನಾ ಹೋದರ... ನಿನಗ ಏನೂ ಗೊತ್ತಿಲ್ಲ. ಫೋನ್ ಹಚ್ಚಲಿಕ್ಕೂ ಬರೂದಿಲ್ಲ. ನೀ ಏನು ಮಾಡ್ತಿ?"

"ಕಲಿಸಿದ್ದರ ಬರ್ತಿತ್ತು" ಅಂದಳು ದ್ವಾರಕಾ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಮಾತ್ರ ಇತ್ತು. "ಈಗರೇ ಫೋನಿನ ಲಾಕ್ ತಗೀರಿ."

ಅವನು ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿದ. ಅವಳು ಮೊಬೈಲನ್ನು ಅದಕ್ಕೆ ಒತ್ತಿದಳು.

ಲಾಕ್ ತೆರೆಯಿತು, ಆದರೆ ಮುಂದೇನು ಎಂದು ಅವಳಿಗೆ ತಿಳಿಯಲಿಲ್ಲ. ಅವನು ಕೈಸನ್ನೆ ಮಾಡಿದ: ಹಸಿರು ಗುರುತು. ಒತ್ತಿದಳು. ಸಾಲಾಗಿ ಚಿಕ್ಕ ಚಿಕ್ಕ ಫೋಟೋಗಳು ಬಂದವು. ಹೆಸರು ಓದಲು ಬಾರದಿದ್ದರೂ ಮಗಳ ಮುಖ ಗುರುತು ಸಿಕ್ಕಿತು, ಅದನ್ನೇ ಒತ್ತಿದಳು.

"ಬಾಬಾ, ಬೋಲಾ," ಅಂತ ಮರಾಠಿಯಲ್ಲೇ ಶುರುಮಾಡಿದ ಸುರಭಿ, ತಾಯಿಯ ದನಿ ಕೇಳಿ ನಿಂತಳು. "ಆಯಿ? ನೀನ ಹಚ್ಚಿದ್ಯಾ?"

"ಎಂಬತ್ತೈದು ಅದವ್ವ" ಅನ್ನುವಷ್ಟರಲ್ಲಿ ದ್ವಾರಕಾಗೆ ಅಳು ಒತ್ತರಿಸಿ ಬಂತು.

ಸುರಭಿಯ ಮಾತು ಚುರುಕಾಯಿತು. "ಆಯಿ, ಥಾಂಬ, ತಡಿ, ಅಳಬ್ಯಾಡ. ಬಾಬಾನ್ನ ಹೊಟ್ಟಿ ಮ್ಯಾಲ ಮಲಗಿಸು. ಎದಿ ಕೆಳಗ ದಿಂಬು ಕೊಡು. ನಾ ಆಂಬ್ಯುಲನ್ಸಿಗೆ ಹಚ್ತೀನಿ, ಬೆಡ್ ಹುಡುಕ್ತೀನಿ. ಫೋನ್ ಕೈಯಾಗ ಹಿಡಕೊಂಡಿರು. ಹತ್ತು ಮಿನಿಟಿಗೆ ನಾನ ಹಚ್ತೀನಿ, ಆ ಹಸಿರು ಗುರುತು ಮ್ಯಾಲ ಜಗ್ಗು, ಸಾಕು."

ಹತ್ತು ಮಿನಿಟು ಇಪ್ಪತ್ತಾಯಿತು. ಆಂಬ್ಯುಲನ್ಸು ಬರಲು ಮೂರು ತಾಸು ಅಂದರಂತೆ. ದ್ವಾರಕಾ ಬಾಗಿಲು ತೆರೆದು ಗಲ್ಲಿಗೆ ಇಳಿದಳು. ಎದುರು ಮನೆಯ ಗುರುಲಿಂಗಮ್ಮ ಜೋಳ ಹಸನು ಮಾಡುತ್ತ ಕೂತಿದ್ದಳು. ದ್ವಾರಕಾಳ ಮುಖ ನೋಡಿದ್ದೇ, ಮೊರ ಅಲ್ಲೇ ಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂಲೆಯ ಮನೆಯ ಕಲ್ಲಣ್ಣ ಸೊಲ್ಲಾಪುರದ ಮಾರ್ಕೆಟ್ಟಿಗೆ ಕಾಯಿಪಲ್ಯ ಒಯ್ಯುವ ಟೆಂಪೋ ತೊಳೆಯುತ್ತಿದ್ದ.

"ಕಲ್ಲಣ್ಣಾ, ಇವರಿಗೆ ದಮ್ಮು ಹತ್ಯಾವ. ಸೊಲ್ಲಾಪುರಕ್ಕ ಮುಟ್ಟಸ್ತೀ ಏನಪಾ?"

ಕಲ್ಲಣ್ಣ ಎರಡು ಹೆಜ್ಜೆ ಹಿಂದೆ ಸರಿದ. "ವೈನಿ, ಮನ್ಯಾಗ ಕೂಸು ಐತ್ರಿ. ಮೂರು ತಿಂಗಳದ್ದು."

ಅವಳು ತಲೆಯಾಡಿಸಿದಳು. ಅವಳೇ ಅವನ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದಳು. ಅವಳು ತಿರುಗಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕಲ್ಲಣ್ಣ ಕೂಗಿದ: "ವೈನಿ, ನೀವು ಹಿಂದ ಕೂಡ್ರಿ. ನಾ ಮುಂದ ಗಾಜು ಏರಿಸಿ ಕೂಡತೀನಿ. ಇವತ್ತ ಮನಿಗಿ ಬರಾಂಗಿಲ್ಲ, ಹೊಲದಾಗ ಮಲಗತೀನಿ. ನಡೀರಿ."

ಟೆಂಪೋದಲ್ಲಿ ಕೊತ್ತಂಬರಿಯ ವಾಸನೆ ಇನ್ನೂ ಇತ್ತು. ಚಾದರದ ಮೇಲೆ ರಾಘವೇಂದ್ರ ಬೋರಲಾಗಿ ಮಲಗಿದ್ದ. ದ್ವಾರಕಾ ಒಂದು ಕೈಯಿಂದ ಅವನ ಭುಜ, ಇನ್ನೊಂದರಿಂದ ಮೊಬೈಲು ಹಿಡಿದಿದ್ದಳು. ಕರೆ ಕಟ್ಟಾದಾಗಲೆಲ್ಲ ಅವನ ಹೆಬ್ಬೆರಳು ಹುಡುಕಿ ಒತ್ತುತ್ತಿದ್ದಳು. ದಾರಿಯ ವಳಸಂಗ ದಾಟುವಾಗ ಅವನ ಬೆರಳಿನ ಯಂತ್ರದಲ್ಲಿ ಎಂಬತ್ನಾಲ್ಕು. ಆಮೇಲೆ ಎಂಬತ್ತೆರಡು. ಓದುವುದು ಬಂದದ್ದೇ ತಪ್ಪಾಯಿತು ಅನ್ನಿಸುವಷ್ಟು ಹೆದರಿಕೆಯಾಯಿತು, ಆದರೂ ಓದಿದಳು. ಪ್ರತಿ ಸಲ ಗಟ್ಟಿಯಾಗಿ ಮಗಳಿಗೆ ಹೇಳಿದಳು.

ಎರಡು ಆಸ್ಪತ್ರೆಗಳಲ್ಲಿ ಜಾಗವಿರಲಿಲ್ಲ. ಮೂರನೆಯದರ ಗೇಟಿನಲ್ಲಿ ಸುರಭಿ ನಿಂತಿದ್ದಳು. ಜಾಗ ಸಿಕ್ಕಿತ್ತು. ರಾಘವೇಂದ್ರನನ್ನು ಒಳಗೆ ಒಯ್ಯುವಾಗ ಅವನು ಅವಳ ಕಡೆ ಕೈ ಎತ್ತಿದ. ಬಾಗಿಲು ಮುಚ್ಚಿತು. ಗಾಜಿನ ಬಾಗಿಲಲ್ಲಿ ಎರಡು ಮಾಸ್ಕ್ ಕಟ್ಟಿಕೊಂಡ ತನ್ನ ಮುಖ ನೋಡಿ ದ್ವಾರಕಾಗೆ ಗುರುತೇ ಹತ್ತಲಿಲ್ಲ.

ಹದಿನಾಲ್ಕು ದಿನ ಅವನು ಅಲ್ಲಿದ್ದ. ಅದರಲ್ಲಿ ಐದು ದಿನ ಡಾಕ್ಟರು ಏನೂ ಹೇಳಲಾರೆ ಅಂದರು. ಸುರಭಿಯ ಕೋಣೆಯ ಮೂಲೆಯಲ್ಲಿ ಬೇರೆಯಾಗಿ ಕೂತು ದ್ವಾರಕಾ ದಿನಾ ಆಸ್ಪತ್ರೆಯ ಒಂದೇ ಕರೆಗಾಗಿ ಕಾಯುತ್ತಿದ್ದಳು. ಕಾಯುವ ಹೊತ್ತಿನಲ್ಲಿ ಮಗಳು, ಗೇಟಿನಲ್ಲೇ ಅಪ್ಪನ ಹೆಬ್ಬೆರಳು ಒತ್ತಿಸಿ ಲಾಕ್ ತೆಗೆದಿದ್ದ ಆ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಕೊಟ್ಟಳು. ಮಗಳಿಗೆ ಕನ್ನಡ ಓದಲು ಬಾರದು. ಆಕೆ ಕಲಿತದ್ದು ಮರಾಠಿಯಲ್ಲಿ. ತಾಯಿ ಓದಿ ಹೇಳುತ್ತಿದ್ದಳು, ಮಗಳು ಎಲ್ಲಿ ಒತ್ತಬೇಕೆಂದು ತೋರಿಸುತ್ತಿದ್ದಳು. ಆರನೆಯ ದಿನ ವಾರ್ಡಿನ ನರ್ಸು ವಿಡಿಯೋ ಕರೆ ಹಚ್ಚಿ, ಅವನ ಮುಖ ತೋರಿಸಿದಳು. ಮೂಗಿಗೆ ನಳಿಗೆ. ಕೆನ್ನೆ ಒಳಗೆ ಹೋಗಿದ್ದವು. "ತೊಂಬತ್ತೊಂದು" ಅಂದ ಅವನು. ಅವಳು ನರ್ಸಿಗೆ, "ತಾಯಿ, ನೀವು ಹೇಳ್ರಿ" ಅಂದಳು. ನರ್ಸು ನಗುತ್ತ, ಹೌದು, ತೊಂಬತ್ತೊಂದೇ ಅಂದಳು.

ಮೇ ತಿಂಗಳ ಕೊನೆಗೆ ಗಂಡ-ಹೆಂಡತಿ ಅಕ್ಕಲಕೋಟಕ್ಕೆ ಮರಳಿದರು. ಬಾಗಿಲಿಂದ ಬಚ್ಚಲಿಗೆ ನಡೆದರೂ ರಾಘವೇಂದ್ರನಿಗೆ ಬೆವರು. ಗಲ್ಲಿಯವರು ದೂರದಿಂದ ನಮಸ್ಕಾರ ಮಾಡಿ ಸರಿಯುತ್ತಿದ್ದರು. ಕಲ್ಲಣ್ಣ ಮಾತ್ರ ಕಟ್ಟೆಯ ತನಕ ಬಂದು ವಿಚಾರಿಸಿದ. ಅವನ ಕೂಸಿಗೆ ಏನೂ ಆಗಿರಲಿಲ್ಲ.

ಮರಳಿದ ನಾಲ್ಕನೆಯ ಮುಂಜಾನೆ ಗುರುಲಿಂಗಮ್ಮ ಕಟ್ಟೆಯ ಕೆಳಗೆ ಬಂದು ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಅಕ್ಕಾ, ಅವತ್ತ ನಾ ಬಾಗಲಾ ಹಾಕ್ಕೊಂಡಿದ್ದೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ." ಅವಳ ದನಿ ಒಡೆಯಿತು. "ನಮ್ಮ ಮನ್ಯಾವರಿಗಿ ಎಂಟ ದಿನಾ ಆತು, ಕೆಮ್ಮು. ಖೋಲಿ ಚಿಲಕಾ ಹಾಕ್ಕೊಂಡು ಕುಂತಾರ. ಯಾರಿಗೂ ಹೇಳಬ್ಯಾಡ ಅಂತಾರ. ನಿಮ್ಮ ಮಿಶಿನ್ ಒಂದೀಟ ಕೊಡ್ತೀರೇನ್ರಿ?"

ದ್ವಾರಕಾ ಎದ್ದು ಮಾಸ್ಕ್ ಕಟ್ಟಿಕೊಂಡು ಯಂತ್ರ ಎತ್ತಿಕೊಂಡಳು. ಹೋಗಬ್ಯಾಡ ಅನ್ನುವ ಮಾತು ರಾಘವೇಂದ್ರನ ನಾಲಿಗೆಯ ತುದಿಗೆ ಬಂತು. ಆ ಖೋಲಿ, ಆ ಕೆಮ್ಮು, ಆಸ್ಪತ್ರೆಯಲ್ಲಿ ಪಕ್ಕದ ಮಂಚ ಮೂರು ಸಲ ಖಾಲಿಯಾದದ್ದು, ಎಲ್ಲ ಕಣ್ಣಮುಂದೆ ಬಂತು. ಅವನು ಆ ಮಾತು ಆಡಲಿಲ್ಲ. ಗೋಡೆ ಹಿಡಿದು ಎದ್ದು, ತಾನೂ ಮಾಸ್ಕ್ ಹಾಕಿಕೊಂಡು, ಅವಳ ಹಿಂದೆ ನಡೆದ.

ಗುರುಲಿಂಗಮ್ಮನ ಗಂಡ ಸಾಯಬಣ್ಣನ ಖೋಲಿಯ ಕಿಟಕಿ ಗಲ್ಲಿಗೇ ಇತ್ತು. ಒಳಗಿನಿಂದ ಕೆಮ್ಮು. "ನನಗ ಏನೂ ಆಗಿಲ್ಲ, ಹೋಗ್ರಿ!"

"ಸಾಯಬಣ್ಣಾ, ನಾನು, ರಾಘವೇಂದ್ರ."

"ನೀವು ಓದಿದ ಮಂದಿ ರಾಯರ, ದವಾಖಾನಿಗಿ ಹೋಗಿ ಬಂದ್ರಿ. ನನಗ ಬ್ಯಾಡ್ರಿ. ಹೋದವರು ಬರಾಂಗಿಲ್ಲ."

ಗಲ್ಲಿಯಲ್ಲಿ ಎರಡು ಮೂರು ಬಾಗಿಲು ತೆರೆದವು. ಜನ ಇಣುಕಿದರು. ರಾಘವೇಂದ್ರ ಒಮ್ಮೆ ಅವರ ಕಡೆ ನೋಡಿದ. ಕಿಟಕಿಯ ಸರಳು ಹಿಡಿದುಕೊಂಡು, ದಮ್ಮು ತೆಗೆದುಕೊಳ್ಳುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಓದಿದವ ಅಲ್ಲಪಾ ನಾ. ಎಂಬತ್ತಾರು ಇದ್ದದ್ದನ್ನ ತೊಂಬತ್ತೆಂಟು ಅಂತ ಓದಿದವ. ಹೆದರಿ, ಮಗಳಿಗೂ ಸುಳ್ಳು ಹೇಳಿದೆ, ಹೆಂಡತಿಗೂ ಹೇಳಿದೆ. ಆಕಿ ಸರಿಯಾಗಿ ಓದಿದಳು. ಆಕಿ ಮಾತು ಕೇಳಿದ್ದಕ್ಕ ಇಲ್ಲಿ ನಿಂತೀನಿ. ನನಗ ಈಗೂ ಹೆದರಿಕಿ ಅದ ಸಾಯಬಣ್ಣಾ. ನೋಡು, ಕೈ ನಡಗ್ಲಿಕ್ಕತ್ತಾವ."

ಗುರುಲಿಂಗಮ್ಮ ಅಳುವುದನ್ನು ನಿಲ್ಲಿಸಿ ಕಿಟಕಿಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸರಳಿನ ನಡುವಿನಿಂದ ಒಂದು ಕೈ ಹೊರಗೆ ಬಂತು. ನೇಗಿಲು ಹಿಡಿದು ಒರಟಾದ ಬೆರಳುಗಳು.

ದ್ವಾರಕಾ ಮುಂದೆ ಹೋಗಿ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. ಬೆರಳಿಗೆ ಯಂತ್ರ ಹಾಕಿ, ತುದಿಯ ಕಡೆಯಿಂದ ಓದಿದಳು.

"ತೊಂಬತ್ತೊಂದು" ಅಂದಳು. "ಇನ್ನೂ ವ್ಯಾಳ್ಯಾ ಅದ. ತಯಾರಾಗ್ರಿ."

ರಾಘವೇಂದ್ರ ಆಗಲೇ ಗೋಡೆ ಹಿಡಿದುಕೊಂಡು, ಟೆಂಪೋ ಕೇಳಲು ಮೂಲೆಯ ಕಲ್ಲಣ್ಣನ ಮನೆಯ ಕಡೆ ಹೊರಟಿದ್ದ.